ಅಪ್ಪನ ನಾಲ್ಕು, ಅಣ್ಣನ ನಾಲ್ಕು

“ಇನ್ನೊಂದು ಸಲ ಮಾಡಿ ತೋರಿಸಿ,” ಅಂದಳು ಇನ್ಸ್‌ಪೆಕ್ಟರ್.

“ಆಗಲೇ ತೋರಿಸಿದ್ನಲ್ಲ ಮೇಡಂ.”

“ನಾನು ದಡ್ಡಿ. ಒಂದೇ ಸಲಕ್ಕೆ ನನ್ನ ತಲೆಗೆ ಏನೂ ಹೋಗಲ್ಲ.”

ರೇಸ್ ಟ್ರ್ಯಾಕಿನ ಪಕ್ಕ ಗಾಡಿ ಸಜ್ಜು ಮಾಡುವ ತಗಡಿನ ಪಿಟ್ಟಿನಲ್ಲಿ, ಸ್ಟ್ಯಾಂಡಿನ ಮೇಲೆ ನಿಂತಿದ್ದ ಕೆಂಪು ರೇಸ್ ಬೈಕಿನ ಮುಂದೆ, ಎಲ್ಲರೂ ಅಣ್ಣ ಅಂತಲೇ ಕರೆಯುವ ಮೆಕ್ಯಾನಿಕ್ ಮತ್ತೆ ಮಂಡಿಯೂರಿದ. ಕಳೆದ ವಾರ ಇದೇ ಗಾಡಿಯ ಜೋಡಿ ಗಾಡಿಯಲ್ಲಿ, ದಿಬ್ಬ ದಾಟುವಾಗ ಹ್ಯಾಂಡಲ್ ಹುಚ್ಚೆದ್ದು ಒದರಿ ಅವನ ತಮ್ಮ, ಮಿಡತೆ ಅಂತ ಹೆಸರಾಗಿದ್ದ ಸವಾರ, ಸತ್ತಿದ್ದ. ಇವತ್ತು ಬೆಳಿಗ್ಗೆ ಅಣ್ಣ ತಾನಾಗಿಯೇ ಠಾಣೆಗೆ ಬಂದು, “ಗಾಡಿ ತಿರುಪೆಲ್ಲ ಕೂರಿಸಿದ್ದು ನಾನು, ತಪ್ಪು ನನ್ನದು, ಬರ್ಕೊಳ್ಳಿ” ಅಂದಿದ್ದ.

ಕೇಳದೆ ಬಂದು ಮಡಿಲಿಗೆ ಬೀಳುವ ತಪ್ಪೊಪ್ಪಿಗೆ ಅಂದರೆ ಇನ್ಸ್‌ಪೆಕ್ಟರಿಗೆ ಎಲ್ಲಿಲ್ಲದ ಕಸಿವಿಸಿ. ಪ್ರತಿ ಮಾತನ್ನೂ ತೂಗಿ ನೋಡುವ ಅವಳ ಅಭ್ಯಾಸಕ್ಕೆ ಠಾಣೆಯವರು ಬೆನ್ನ ಹಿಂದೆ ತಕ್ಕಡಿ ಅಂತ ಹೆಸರಿಟ್ಟಿದ್ದರು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಕೋಪ ಬಂದಿರಲಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ ಆಗಿತ್ತು.

ಖುಷಿಪಡುವ ದಿನ ಇದಲ್ಲ. ಸಂಜೆಯೊಳಗೆ ಇವನನ್ನು ಒಳಗೆ ಹಾಕಿ ಕೈ ತೊಳೆದುಕೊಳ್ಳಿ ಅಂತ ಮೇಲಿನಿಂದ ಹೇಳಿ ಕಳಿಸಿದ್ದರು. ಅತ್ತ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಒಬ್ಬ ತಾಯಿ ಕೂತಿದ್ದಳು. ಚಿಕ್ಕ ಮಗನನ್ನು ಮಣ್ಣು ಮಾಡಿ ಬಂದವಳು, ಈಗ ದೊಡ್ಡ ಮಗನ ಕೈಗೆ ಬೇಡಿ ಬೀಳುವುದನ್ನು ನೋಡಬೇಕು.

“ಮೊದಲಿಂದ ಮಾಡಲಾ?” ಅಣ್ಣ ಕೇಳಿದ.

“ಮೊದಲಿಂದ. ಆ ದಿನ ಹೇಗೆ ಮಾಡಿದ್ರೋ ಹಾಗೆ.”

ಅವನು ಮುಂಚಕ್ರವನ್ನು ಹಿಡಿದ ಫೋರ್ಕಿನ ಎರಡು ಕಾಲುಗಳನ್ನು ತೋರಿಸಿದ. ಅವುಗಳ ತುದಿ ಹ್ಯಾಂಡಲ್ ಹಿಡಿಯುವ ಕ್ಲ್ಯಾಂಪಿನಿಂದ ಸ್ವಲ್ಪ ಮೇಲೆ ಇಣುಕುತ್ತಿತ್ತು.

“ಈ ಕಾಲುಗಳನ್ನ ಕ್ಲ್ಯಾಂಪಲ್ಲಿ ಅರ್ಧ ಬೆರಳು ಮೇಲಕ್ಕೆತ್ತಿದೀನಿ. ಹಾಗೆ ಮಾಡಿದ್ರೆ ಗಾಡಿ ಮೂಗು ತಗ್ಗುತ್ತೆ. ತಿರುವಲ್ಲಿ ಕಣ್ಣು ಮಿಟುಕಿಸೋದ್ರಲ್ಲಿ ತಿರುಗುತ್ತೆ. ತಮ್ಮನಿಗೆ ಅದು ಬೇಕಿತ್ತು.”

“ಅದರಿಂದ ತೊಂದರೆ ಇಲ್ವಾ?”

“ಇದೆ. ಬೇಗ ತಿರುಗೋ ಗಾಡಿ ನೇರ ದಾರೀಲಿ ನೆಟ್ಟಗೆ ನಿಲ್ಲಲ್ಲ. ಚಂಚಲ. ದಿಬ್ಬದ ಮೇಲೆ ಮುಂಚಕ್ರ ನೆಲ ಬಿಟ್ಟು ಇಳಿದಾಗ ಹ್ಯಾಂಡಲ್ ಒದರೋಕೆ ನೋಡುತ್ತೆ. ಅದಕ್ಕೇ ಇದು.”

ಟ್ಯಾಂಕಿನ ಮುಂದೆ, ಹ್ಯಾಂಡಲಿಗೆ ಅಡ್ಡಲಾಗಿ ಕೂತಿದ್ದ ಪುಟ್ಟ ಎಣ್ಣೆ ಕೊಳವೆಯನ್ನು ಅವನು ಮುಟ್ಟಿದ. ಡ್ಯಾಂಪರ್. ಹ್ಯಾಂಡಲ್ ತಾನಾಗಿ ಅತ್ತಿತ್ತ ಒದರತೊಡಗಿದರೆ ಹಿಡಿದು ನಿಲ್ಲಿಸುವುದು ಅದರ ಕೆಲಸ. ತುದಿಯಲ್ಲೊಂದು ತಿರುಪು, ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ತಿರುಗುವಾಗ ಒಂದೊಂದು ಹಲ್ಲಿಗೂ ಟಿಕ್ ಅಂತ ಬೆರಳಿಗೆ ತಿಳಿಯುತ್ತದೆ. ಈ ತುದಿಯಿಂದ ಆ ತುದಿಗೆ ಇಪ್ಪತ್ತು ಟಿಕ್.

ಅಣ್ಣ ತಿರುಪನ್ನು ಬಲಕ್ಕೆ ಪೂರ್ತಿ ಮುಚ್ಚಿದ. ಆಮೇಲೆ ಎಡಕ್ಕೆ ಬಿಡುತ್ತ ತುಟಿಯಲ್ಲೇ ಎಣಿಸಿದ. ನಾಲ್ಕಕ್ಕೆ ಕೈ ತೆಗೆದ.

“ಇದೇ. ನಾಲ್ಕು.”

“ಮೊದಲು ಪೂರ್ತಿ ಮುಚ್ಚಿದ್ರಿ.”

“ಎಣಿಸೋಕೆ ಒಂದು ತುದಿ ಬೇಕಲ್ಲ ಮೇಡಂ. ಮುಚ್ಚಿ ಎಣಿಸಿದ್ರೆ ಲೆಕ್ಕ ತಪ್ಪಲ್ಲ.”

“ಫೋರ್ಕಿನ ತಲೆ ಮೇಲಿನ ತಿರುಪು?”

ಅವನು ಎದ್ದು ಅದನ್ನೂ ಬಲಕ್ಕೆ ಮುಚ್ಚಿ, ಹಿಂದಕ್ಕೆ ಎಣಿಸಿದ. ಸೀಟಿನ ಕೆಳಗಿನ ದಪ್ಪ ಸ್ಪ್ರಿಂಗಿನ ಬುಡದಲ್ಲಿ ಇನ್ನೊಂದು ತಿರುಪಿತ್ತು. ಅದನ್ನು ಕೇಳುವ ಮೊದಲೇ ಅವನ ಕೈ ಅಲ್ಲಿಗೆ ಹೋಯಿತು, ಅದೂ ಮೊದಲು ಮುಚ್ಚಿತು. ಬಾಯಿ ಏನು ಬೇಕಾದರೂ ಹೇಳಬಹುದು. ಇಷ್ಟು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಇನ್ಸ್‌ಪೆಕ್ಟರಿಗೆ ಖಾತ್ರಿಯಾಯಿತು.

ಅವಳು ಚೀಲದಿಂದ ಇನ್ನೊಂದು ಡ್ಯಾಂಪರ್ ತೆಗೆದು ಉಪಕರಣದ ತಟ್ಟೆಯ ಮೇಲಿಟ್ಟಳು. ಒಂದು ಪಕ್ಕ ಉಜ್ಜಿ ಬೆಳ್ಳಗಾಗಿತ್ತು. ಸತ್ತವನ ಗಾಡಿಯದು.

ಅಣ್ಣ ಅದನ್ನು ನೋಡಿ ಮುಖ ತಿರುಗಿಸಿದ.

“ಪರೀಕ್ಷೆ ಮಾಡಿದವರು ಹೇಳಿದಾರೆ. ಇದೂ ನಾಲ್ಕರಲ್ಲೇ ಇತ್ತು. ಆದ್ರೆ ಮುಚ್ಚಿದ ಕಡೆಯಿಂದ ಅಲ್ಲ, ತೆರೆದ ಕಡೆಯಿಂದ ನಾಲ್ಕು. ಅಂದ್ರೆ ಇದ್ದೂ ಇಲ್ಲದ ಹಾಗೆ, ಹೆಚ್ಚುಕಡಿಮೆ ಪೂರ್ತಿ ಸಡಿಲ. ಇದನ್ನ ನೀವು ಹೇಗೆ ಮಾಡಿದ್ರಿ?”

“ಆತುರ ಇತ್ತು.”

“ಆತುರದಲ್ಲಿ ಲೆಕ್ಕ ತಪ್ಪಬಹುದು. ನಾಲ್ಕರ ಬದಲು ಐದಾಗಬಹುದು. ಆದ್ರೆ ನಿಮ್ಮ ಕೈ ಇನ್ನೊಂದು ತುದಿಗೆ ಹೋಗಿ, ಅಲ್ಲಿಂದ ಸರಿಯಾಗಿ ನಾಲ್ಕು ಎಣಿಸಿ ಬರುತ್ತಾ?”

ಅವನು ಉತ್ತರ ಕೊಡುವ ಮೊದಲು ಬಾಗಿಲಲ್ಲಿ ಸುಗಂಧ ಬಂತು, ಅದರ ಹಿಂದೆಯೇ ತಂಡದ ಮಾಲೀಕ ಬಂದ.

ಇಸ್ತ್ರಿ ಮಡಿಕೆ ಮುರಿಯದ ಬಿಳಿ ಪ್ಯಾಂಟು, ಬಿಳಿ ಶೂ. ಎಣ್ಣೆ ಕಲೆಯ ನೆಲದ ಮೇಲೆ ಕಾಲಿಡಲು ಜಾಗ ಹುಡುಕುತ್ತ ಬಂದವನು ಅಣ್ಣನ ಭುಜ ತಟ್ಟಿದ.

“ರೇಸ್ ಮಂಡಳಿಯವರು ಟ್ರ್ಯಾಕ್ ಗೋಪುರದಲ್ಲಿ ಕಾಯ್ತಿದಾರೆ ಮೇಡಂ. ಗಾಡಿ ರೆಡಿನಾ?”

ಈ ಪರೀಕ್ಷೆಯ ಓಟಕ್ಕೆ ಕೇಳಿಕೊಂಡವಳು ಇನ್ಸ್‌ಪೆಕ್ಟರೇ. ಅಣ್ಣ ಹೇಳುವ ಲೆಕ್ಕದಲ್ಲಿ ಜೋಡಿ ಗಾಡಿಯ ತಿರುಪುಗಳನ್ನು ಕೂರಿಸಿ, ಅದೇ ದಿಬ್ಬದ ಮೇಲೆ ಓಡಿಸಿ ನೋಡಬೇಕು. ಗಾಡಿ ನೆಟ್ಟಗೆ ಹೋದರೆ ಅವನ ಕೆಲಸದಲ್ಲಿ ದೋಷವಿಲ್ಲ, ಆಮೇಲೆ ಯಾರೋ ಕೈಯಾಡಿಸಿದ್ದಾರೆ ಅಂತಾಯಿತು. ಬೇರೆ ಸವಾರರು ಆ ಕೆಂಪು ಗಾಡಿಯ ಹತ್ತಿರ ಸುಳಿಯಲೂ ಒಪ್ಪಿರಲಿಲ್ಲ. ಒಂದು ಕಾಲಕ್ಕೆ ತಾನೂ ಸವಾರನಾಗಿದ್ದ ಅಣ್ಣ, ನಾನೇ ಓಡಿಸ್ತೀನಿ ಅಂದಿದ್ದ.

“ನಿಮಗೆ ಈ ತಿರುಪು, ಸ್ಪ್ರಿಂಗು ಎಲ್ಲ ಗೊತ್ತಾ?” ಅವಳು ಮಾಲೀಕನನ್ನು ಕೇಳಿದಳು.

“ನನಗಾ?” ಅವನು ನಕ್ಕ. “ನನಗೆ ಸೈಕಲ್ ಚೈನ್ ಕಳಚಿದ್ರೆ ಹಾಕೋಕೂ ಬರಲ್ಲ ಮೇಡಂ. ನಾನು ಗೋಪುರದಲ್ಲಿ ಕೂತು ಚಪ್ಪಾಳೆ ಹೊಡಿಯೋ ಪೈಕಿ. ಆ ದಿನಾನೂ ಪಿಟ್ ಕಡೆ ತಲೆ ಹಾಕಿರ್ಲಿಲ್ಲ, ಹೇಳಿದ್ನಲ್ಲ.”

“ಹೌದು. ಹೇಳಿದ್ರಿ.”

“ಮಿಡತೆ ಮುಂದಿನ ವರ್ಷ ನಮ್ಮನ್ನ ಬಿಟ್ಟು ಬೇರೆ ತಂಡಕ್ಕೆ ಹೋಗೋನಿದ್ದ. ಹೋಗ್ಲಿ ಬಿಡಿ, ಬೇಜಾರಿಲ್ಲ. ನನ್ನ ಗಾಡಿ ಮೇಲೆ ಹೆಸರು ಮಾಡಿದ. ನನ್ನ ಗಾಡಿ ಮೇಲೇ ಹೋದ.”

ಅಷ್ಟು ಹೇಳಿ ಕರವಸ್ತ್ರದಿಂದ ಕಣ್ಣು ಒತ್ತಿಕೊಂಡ. ಕರವಸ್ತ್ರ ಒದ್ದೆಯಾಯಿತೋ ಇಲ್ಲವೋ ಅವನೇ ಬಲ್ಲ. ಬೇಗ ಬನ್ನಿ ಅಂತ ಹೇಳಿ, ಬಂದ ಹಾಗೇ ಜಾಗ ಹುಡುಕುತ್ತ ಹೊರಟುಹೋದ.

ಇನ್ಸ್‌ಪೆಕ್ಟರ್ ಬಾಗಿಲು ಎಳೆದುಕೊಂಡಳು.

“ತೆರೆದ ಕಡೆಯಿಂದ ಎಣಿಸೋರು ಯಾರು?”

“ಮೇಡಂ, ನಾನು ಒಪ್ಕೊಂಡಿದೀನಿ. ಮತ್ತೆ ಯಾಕೆ ಕೆದಕ್ತೀರಿ?”

“ನನ್ನ ಹೊಟ್ಟೆಪಾಡೇ ಕೆದಕೋದು. ಹೇಳಿ.”

ಅಣ್ಣ ಚಿಂದಿ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡ. ಒಂದೊಂದೇ ಬೆರಳು, ನಿಧಾನವಾಗಿ.

“ಅಪ್ಪ,” ಅಂದ ಕೊನೆಗೆ. “ಅಪ್ಪ ಹಾಗೆ ಎಣಿಸ್ತಿದ್ರು. ತಿರುಪನ್ನ ಪೂರ್ತಿ ಬಿಚ್ಚು, ಆಮೇಲೆ ಎಷ್ಟು ಬೇಕೋ ಅಷ್ಟು ಬಿಗಿ ಮಾಡ್ತಾ ಬಾ ಅಂತ. ಅವರ ವರ್ಕ್‌ಶಾಪಲ್ಲಿ ಅದೇ ನಡೀತಿತ್ತು. ನಾನು ಬೇರೆ ಕಡೆ ಹೋಗಿ ಕೆಲಸ ಕಲಿತು ಬಂದೆ. ಅಲ್ಲೆಲ್ಲ ಮುಚ್ಚಿ ಎಣಿಸೋದು. ವಾಪಸ್ ಬಂದು ನಾನೂ ಹಾಗೇ ಶುರು ಮಾಡ್ದೆ. ಮನೇಲಿ ದೊಡ್ಡ ರಂಪ. ನಿನ್ನೆ ಮೊನ್ನೆ ಬಂದೋನು ನನಗೆ ಎಣಿಸೋದು ಕಲಿಸ್ತೀಯಾ ಅಂತ ಅಪ್ಪ ಸ್ಪ್ಯಾನರ್ ಎಸೆದ್ರು.”

“ಆಮೇಲೆ?”

“ಅಮ್ಮ ರಾಜಿ ಮಾಡಿಸಿದ್ಳು. ಇಬ್ರೂ ನಿಮ್ಮ ನಿಮ್ಮ ಹಾಗೇ ಎಣಿಸಿ, ಆದ್ರೆ ಅಂಕಿ ಹೇಳೋವಾಗ ಯಾರದ್ದು ಅಂತ ಸೇರಿಸಿ ಹೇಳಿ ಅಂತ. ಅಪ್ಪನ ನಾಲ್ಕು, ಅಣ್ಣನ ನಾಲ್ಕು. ತಮ್ಮ ಆಗ ಇಷ್ಟುದ್ದ. ಅವನು ಕೊನೇವರೆಗೂ ಹಾಗೇ ಹೇಳ್ತಿದ್ದ.”

ಅವನು ತೋಳಿನಿಂದ ಕಣ್ಣು ಒರೆಸಿಕೊಂಡ. ಇನ್ಸ್‌ಪೆಕ್ಟರ್ ಕಾದಳು. ಎದುರಿಗಿರುವವರು ಅಳುವಾಗ ಏನು ಮಾಡಬೇಕು ಅಂತ ಅವಳಿಗೆ ಇಷ್ಟು ವರ್ಷವಾದರೂ ತಿಳಿದಿರಲಿಲ್ಲ. ಹಾಗಾಗಿ ಗಾಡಿಯ ಟೈರು ನೋಡುತ್ತ ನಿಂತಳು.

“ಅಪ್ಪ ತೀರಿಹೋಗಿ ಬಹಳ ವರ್ಷ ಆಯ್ತು,” ಅಂದ ಅವನು.

“ಅವರ ಹತ್ರ ಕಲಿತೋರು?”

“ನಾನು.”

“ತಮ್ಮ?”

“ಅವನು ತಿರುಪು ಮುಟ್ತಾನೇ ಇರ್ಲಿಲ್ಲ. ಓಡಿಸೋದು ನನ್ನ ಪಾಲು, ಮಸಿ ಬಳ್ಕೊಳ್ಳೋದು ನಿನ್ನ ಪಾಲು ಅಂತಿದ್ದ.”

“ನಿಮ್ಮಮ್ಮ?”

ಬೆರಳು ಒರೆಸುತ್ತಿದ್ದ ಬಟ್ಟೆ ನಿಂತುಹೋಯಿತು.

“ಅಮ್ಮನ ವಿಷಯ ಬೇಡ.”

“ಅವರಿಗೂ ಕೆಲಸ ಬರುತ್ತೆ ಅಲ್ವಾ?”

“ಬೇಡ ಅಂದ್ನಲ್ಲ!”

ಅವನ ಕೂಗಿಗೆ ತಗಡಿನ ಗೋಡೆ ಗುಂಯ್ ಅಂದಿತು. ಹೊರಗೆ ಕಾವಲು ನಿಂತಿದ್ದ ಪೇದೆ ಕಿಟಕಿಯಿಂದ ಇಣುಕಿದ. ಇನ್ಸ್‌ಪೆಕ್ಟರ್ ಕೈಸನ್ನೆಯಲ್ಲೇ ಅವನನ್ನು ತಡೆದಳು. ದನಿ ಏರಿಸಲಿಲ್ಲ.

“ಆ ಬೆಳಿಗ್ಗೆ ಏನು ನೋಡಿದ್ರಿ?”

ಅಣ್ಣ ಗಾಡಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದ.

“ನಾನು ಟೈರು ತರೋಕೆ ಹೋಗಿದ್ದೆ. ವಾಪಸ್ ಬಂದಾಗ ಅಮ್ಮ ಗಾಡಿ ಮುಂದೆ ನಿಂತಿದ್ಳು. ಬಟ್ಟೇಲಿ ಕೈ ಒರೆಸ್ಕೊಳ್ತಿದ್ಳು. ಅಪ್ಪ ಇದ್ದಾಗ ಅರ್ಧ ಕೆಲಸ ಅವಳೇ ಮಾಡ್ತಿದ್ದಿದ್ದು. ಅಪ್ಪನ ಹಾಗೇ ಎಣಿಸೋದು. ಡ್ಯಾಂಪರ್ ನಾಲ್ಕಿರಬೇಕು ಅಂತ ಅವಳಿಗೂ ಗೊತ್ತಿತ್ತು. ತಮ್ಮ ಆತುರದಲ್ಲಿ ಯಾರ ನಾಲ್ಕು ಅನ್ನೋದು ಬಿಟ್ಟು ಹೇಳಿರ್ತಾನೆ, ಅಮ್ಮ, ನಾಲ್ಕಿದ್ಯಾ ಒಂದ್ಸಲ ನೋಡು ಅಂತ. ಅವಳು ತೆರೆದ ಕಡೆಯಿಂದ ಎಣಿಸಿರ್ತಾಳೆ. ನಾಲ್ಕಿಲ್ಲ. ನಾನು ತಪ್ಪು ಮಾಡಿದೀನಿ ಅಂದ್ಕೊಂಡು ಸರಿ ಮಾಡಿರ್ತಾಳೆ.”

ಅವನು ಮುಖ ಮುಚ್ಚಿಕೊಂಡ.

“ಅವಳಿಗೆ ಗೊತ್ತಿಲ್ಲ ಮೇಡಂ. ತನ್ನ ಕೈಯಿಂದಲೇ ಆಯ್ತು ಅಂತ ಗೊತ್ತಾದ್ರೆ ಅವಳು ಒಂದು ದಿನ ಬದುಕಲ್ಲ. ನಾನು ಜೈಲಿಗೆ ಹೋದ್ರೆ ಅಳ್ತಾಳೆ, ಬೈತಾಳೆ, ಭೇಟಿಗೆ ಬರ್ತಾಳೆ. ಬದುಕಿರ್ತಾಳೆ. ನನ್ನ ಮಾತು ಬರ್ಕೊಂಡು ಮುಗಿಸಿಬಿಡಿ. ಕೈ ಮುಗಿತೀನಿ.”

ಇನ್ಸ್‌ಪೆಕ್ಟರಿನ ವೃತ್ತಿಯಲ್ಲಿ ತಪ್ಪಿಸಿಕೊಳ್ಳಲು ಸುಳ್ಳು ಹೇಳುವವರು ದಿನವೂ ಸಿಗುತ್ತಿದ್ದರು. ಸಿಕ್ಕಿಬೀಳಲು ಸುಳ್ಳು ಹೇಳುವವನನ್ನು ನೋಡಿದ್ದು ಇದೇ ಮೊದಲು. ಆದರೂ ಅವಳ ಬಾಯಿಂದ ಹೊರಟಿದ್ದು ಪೊಲೀಸರ ಮಾತೇ.

“ನಿಮ್ಮ ಸುಳ್ಳು ನಿಲ್ಲಲ್ಲ. ನಿಮ್ಮ ಕೈ ಮುಚ್ಚಿದ ಕಡೆಯಿಂದಲೇ ಎಣಿಸುತ್ತೆ ಅಂತ ನಾನೇ ಕಣ್ಣಾರೆ ನೋಡಿದೀನಿ. ನಾಳೆ ನ್ಯಾಯಾಧೀಶರು ಕೇಳಿದ್ರೆ ಅದನ್ನೇ ಹೇಳಬೇಕಾಗುತ್ತೆ. ಆಗ ಅವರ ಮುಂದಿನ ಪ್ರಶ್ನೆ ಏನು? ಮತ್ಯಾರ ಕೈ ಅಂತ.”

ಅಣ್ಣ ತಲೆ ಎತ್ತಿದ.

“ನನ್ನ ಕೈ ಇನ್ನೊಂದು ಥರಾನೂ ಎಣಿಸುತ್ತೆ ಅಂತ ತೋರಿಸಿದ್ರೆ?”

“ಈಗ ತೋರಿಸಿದ್ರೆ ಯಾರು ನಂಬ್ತಾರೆ?”

“ಅದೂ ಸರಿ,” ಅಂದ ಅವನು.

ಎದ್ದು ಬಟ್ಟೆ ಕೊಡವಿಕೊಂಡ. ಗೂಟಕ್ಕೆ ನೇತುಹಾಕಿದ್ದ ಚರ್ಮದ ಸೂಟು ತೆಗೆದುಕೊಂಡ. ಇದ್ದಕ್ಕಿದ್ದಂತೆ ಅವನ ಮುಖದ ಗೊಂದಲವೆಲ್ಲ ಇಳಿದುಹೋಗಿತ್ತು. ಮನಸ್ಸಿನ ಭಾರ ಹೇಳಿಕೊಂಡು ಹಗುರಾಗಿದ್ದಾನೆ ಅಂತ ಇನ್ಸ್‌ಪೆಕ್ಟರ್ ಅಂದುಕೊಂಡಳು. ತಕ್ಕಡಿ ತಪ್ಪಾಗಿ ತೂಗಿದ್ದು ಅಲ್ಲೇ.

ಅವಳು ಪೇದೆಯನ್ನು ಕರೆದಳು.

“ಅವರ ತಾಯೀನ ತಪಾಸಣೆ ಕೋಣೆಗೆ ಕರ್ಕೊಂಡು ಬಾ. ಮೆತ್ತಗೆ ಮಾತಾಡು.”

ಕಾವಲಿಗಿದ್ದವನು ಅವನೊಬ್ಬನೇ ಅನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ.

ತಪಾಸಣೆ ಕೋಣೆ ಪಿಟ್ಟಿನ ಪಕ್ಕದಲ್ಲೇ ಇತ್ತು. ಓಟಕ್ಕೆ ಮುಂಚೆ ಗಾಡಿಗಳನ್ನು ತೂಗಿ, ಅಳೆದು ನೋಡುವ ಜಾಗ. ಒಂದು ಉದ್ದನೆ ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಬೆಂಕಿ ಆರಿಸುವ ಸಿಲಿಂಡರು. ಅಮ್ಮ ಶಾಲು ಹೊದ್ದು ಬಂದಳು. ಕುಳ್ಳಗಿನ, ಗಟ್ಟಿ ಭುಜದ ಹೆಂಗಸು. ಕೂತುಕೊಳ್ಳಿ ಅಂದರೂ ಕೂರಲಿಲ್ಲ.

“ನನ್ನನ್ನ ಹಿಡ್ಕೊಳ್ಳಿ,” ಅಂದಳು. “ನಾನೇ ಮಾಡಿದ್ದು.”

ಇನ್ಸ್‌ಪೆಕ್ಟರ್ ಕುರ್ಚಿ ಎಳೆಯುತ್ತಿದ್ದವಳು ಹಾಗೇ ನಿಂತಳು.

“ಏನು ಮಾಡಿದ್ದು?”

“ಆ ಡ್ಯಾಂಪರ್. ನಾನೇ ತಿರುಗಿಸಿದೆ. ನಮ್ಮ ಯಜಮಾನರು ಎಣಿಸೋ ಹಾಗೆ ಎಣಿಸಿದೆ. ದೊಡ್ಡೋನ ತಪ್ಪೇನಿಲ್ಲ. ಅವನು ಪಾಪ, ನನ್ನ ಮೇಲೆ ಬರಬಾರದು ಅಂತ ತಾನು ಹೊತ್ಕೊಂಡಿದಾನೆ. ಅವನನ್ನ ಬಿಟ್ಟುಬಿಡಿ.”

ಮಗನ ಮಾತೂ ತಾಯಿಯ ಮಾತೂ ಒಂದಕ್ಕೊಂದು ಅಳತೆ ಹಿಡಿದು ಕೂರಿಸಿದ ಹಾಗಿದ್ದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕಡತ ಕಟ್ಟಿಬಿಡುತ್ತಿದ್ದರು. ಆದರೆ ಅಮ್ಮ ಬಂದಾಗಿನಿಂದ ಶಾಲಿನೊಳಗಿಂದ ಕೈ ಹೊರಗೆ ತೆಗೆದಿರಲಿಲ್ಲ. ಬಾಗಿಲನ್ನೂ ಮೊಣಕೈಯಲ್ಲಿ ತಳ್ಳಿಕೊಂಡು ಬಂದಿದ್ದಳು.

ಇನ್ಸ್‌ಪೆಕ್ಟರ್ ಸತ್ತವನ ಗಾಡಿಯ ಡ್ಯಾಂಪರನ್ನು ಮೇಜಿನ ಮೇಲಿಟ್ಟಳು.

“ತಿರುಗಿಸಿ ತೋರಿಸಿ.”

ಅಮ್ಮ ಅದನ್ನೇ ದಿಟ್ಟಿಸಿದಳು. ಮಗ ಕೊನೆಯದಾಗಿ ಕೂತಿದ್ದ ಗಾಡಿಯದು ಅಂತ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ತಿರುಗಿಸಿ ಅಮ್ಮ.”

ಕೈ ಶಾಲಿನಿಂದ ಹೊರಗೆ ಬಂತು. ಗೆಣ್ಣುಗಳು ಊದಿ ಗಂಟುಗಟ್ಟಿದ್ದವು. ಹೆಬ್ಬೆರಳು ಒಳಕ್ಕೆ ಮಡಚಿ ಹಾಗೇ ನಿಂತಿತ್ತು. ಎರಡು ಬೆರಳ ನಡುವೆ ಆ ಪುಟ್ಟ ತಿರುಪನ್ನು ಹಿಡಿಯಲು ನೋಡಿದಳು, ಜಾರಿತು. ಎರಡೂ ಕೈ ಸೇರಿಸಿ ಹಿಡಿದಳು, ಹಲ್ಲು ಕಚ್ಚಿ ಒತ್ತಿದಳು. ಒಂದು ಟಿಕ್ ಕೂಡ ಕೇಳಲಿಲ್ಲ. ನೋವಿಗೆ ಅವಳ ಕಣ್ಣಲ್ಲಿ ನೀರು ತುಂಬಿತು.

“ಎಷ್ಟು ದಿನದಿಂದ ಹೀಗೆ?”

“ಆಯ್ತು, ಒಂದೂವರೆ ವರ್ಷ. ಡಬ್ಬಿ ಮುಚ್ಚಳ ತೆಗೆಯೋಕೂ ಪಕ್ಕದ ಮನೆಯವಳನ್ನ ಕರೀತೀನಿ. ಮಕ್ಕಳಿಗೆ ಹೇಳಿಲ್ಲ. ಅವರ ತಲೆ ಮೇಲೆ ಆಗಲೇ ನೂರೆಂಟು.”

“ಮತ್ತೆ ಆ ದಿನ ಗಾಡಿ ಮುಂದೆ ನಿಂತು ಕೈ ಒರೆಸ್ಕೊಳ್ತಿದ್ರಂತೆ?”

“ಹೆಲ್ಮೆಟ್ಟಿನ ಗಾಜು ಒರೆಸ್ತಿದ್ದೆ. ಪ್ರತಿ ಓಟಕ್ಕೂ ನಾನೇ ಒರೆಸೋದು. ಅಷ್ಟ್ರಲ್ಲಿ ಕೈ ಜೋಮು ಹಿಡೀತು, ಉಜ್ಕೊಂಡೆ.”

“ಹಾಗಾದ್ರೆ ಸುಳ್ಳು ಯಾಕೆ ಹೇಳಿದ್ರಿ?”

“ತಿರುಪು ತೆರೆದ ಕಡೆಯಿಂದ ನಾಲ್ಕಿತ್ತು ಅಂತ ಪೇದೆ ಬಾಯಲ್ಲಿ ಕೇಳ್ದೆ. ದೊಡ್ಡೋನೇ ಕೈ ತಪ್ಪಿ ಮಾಡಿರಬೇಕು ಅಂದ್ಕೊಂಡೆ. ತಾನೇ ಬಂದು ಒಪ್ಕೊಂಡನಂತಲ್ಲ.” ಅವಳ ದನಿ ಒಡೆಯಿತು. “ಒಬ್ಬನ್ನ ಕೊಟ್ಟಾಯ್ತು ಮೇಡಂ. ಇನ್ನೊಬ್ಬನ್ನೂ ಕೊಡಲಾ?”

ಇನ್ಸ್‌ಪೆಕ್ಟರ್ ಮೇಜಿನ ಆ ಕಡೆಯಿಂದ ಸುತ್ತಿ ಬಂದು ಅವಳ ಪಕ್ಕದಲ್ಲಿ ನಿಂತಳು.

“ಅವರು ಒಪ್ಕೊಂಡಿದ್ದು ನೀವು ಮಾಡಿದೀರಿ ಅಂದ್ಕೊಂಡು. ನಿಮಗೆ ಗೊತ್ತಾಗಬಾರದು ಅಂತ.”

ಅಮ್ಮನಿಗೆ ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಕುರ್ಚಿಗೆ ಒರಗಿದಳು.

“ಅಯ್ಯೋ ಮಗನೇ. ಒಂದು ಮಾತು ನನ್ನನ್ನ ಕೇಳಬಾರದಾ? ಒಂದೇ ಸೂರಿನ ಕೆಳಗೆ ಒಂದು ವಾರ ಎದುರುಬದುರು ಕೂತು ಉಂಡಿದೀವಿ.”

“ಅಮ್ಮ, ಈಗ ಯೋಚನೆ ಮಾಡಿ ಹೇಳಿ. ನಿಮ್ಮ ಯಜಮಾನರ ಹತ್ರ ಕಲಿತು, ಅವರ ಹಾಗೇ ತೆರೆದು ಎಣಿಸೋರು ಇನ್ಯಾರಿದಾರೆ?”

“ಇನ್ಯಾರು? ಬೇರೆ ಯಾರೂ…” ಅವಳು ಹುಬ್ಬು ಗಂಟಿಕ್ಕಿದಳು. “ಇವನೊಬ್ಬ ಇದಾನೆ. ಮಾಲೀಕ.”

“ಯಾವ ಮಾಲೀಕ? ತಂಡದ ಮಾಲೀಕರಾ?”

“ಅವನೇ. ದೊಡ್ಡೋನು ಕೆಲಸ ಕಲಿಯೋಕೆ ಹೊರಗೆ ಹೋಗಿದ್ನಲ್ಲ, ಆಗ ನಮ್ಮ ವರ್ಕ್‌ಶಾಪಲ್ಲಿ ಕೆಲಸಕ್ಕಿದ್ದ. ದೊಡ್ಡೋನು ವಾಪಸ್ ಬರೋದ್ರೊಳಗೆ ಇವನು ಬಿಟ್ಟುಹೋಗಿದ್ದ. ಇವನ ಬೆರಳು ಬಂಗಾರ ಅಂತಿದ್ರು ನಮ್ಮ ಯಜಮಾನರು. ಆಮೇಲೆ ದೊಡ್ಡ ಮನುಷ್ಯ ಆದ. ಅಮ್ಮ, ನಾನು ನಿಮ್ಮನೇಲಿ ಸ್ಪ್ಯಾನರ್ ಹಿಡಿದಿದ್ದು ಯಾರಿಗೂ ಹೇಳ್ಬೇಡಿ, ಮರ್ಯಾದೆ ಪ್ರಶ್ನೆ ಅಂದ. ನನಗೇನು, ಸುಮ್ಮನಾದೆ.”

ಸೈಕಲ್ ಚೈನ್ ಹಾಕೋಕೂ ಬರಲ್ಲ ಅಂದವನು. ಇನ್ಸ್‌ಪೆಕ್ಟರ್ ಅಮ್ಮನ ಕಡೆ ಬಾಗಿದಳು.

“ಆ ದಿನ ಬೆಳಿಗ್ಗೆ ಅವರನ್ನ ನೋಡಿದ್ರಾ?”

“ನೋಡದೆ ಏನು. ನಾನು ಗಾಜು ಒರೆಸೋಕೆ ಹೋದಾಗ ಗಾಡಿ ಹ್ಯಾಂಡಲ್ ಹಿಡ್ಕೊಂಡು ನಿಂತಿದ್ದ. ಹೊರಗೆ ಚಳಿ ಇದೆ, ಬೇಗ ಒಳಗೆ ಹೋಗಮ್ಮ ಅಂದ. ಎಷ್ಟು ಕಾಳಜಿ ಅಂದ್ಕೊಂಡೆ.”

“ಇದನ್ನ ಯಾಕೆ ಮೊದಲೇ ಹೇಳ್ಲಿಲ್ಲ?”

“ಮೊದಲ ದಿನ ನೀವು ಕೇಳಿದ್ದು ಹೊರಗಿನವರು ಯಾರಾದ್ರೂ ಬಂದಿದ್ರಾ ಅಂತ. ಅವನು ಹೊರಗಿನವನಾ?”

ಅಪ್ಪನ ನಾಲ್ಕು, ಅಣ್ಣನ ನಾಲ್ಕು ಅಂತ ಮಿಡತೆಯ ಬಾಯಲ್ಲಿ ಕೇಳಿ ಮಾಲೀಕನಿಗೆ ಮನೆಯ ಎರಡೂ ಲೆಕ್ಕ ತಿಳಿದಿರಬೇಕು. ತಿರುಪನ್ನು ಸುಮ್ಮನೆ ಸಡಿಲ ಮಾಡಿದರೆ ಯಾರೋ ಬೇಕೆಂದೇ ಮಾಡಿದ್ದು ಅಂತ ಅನುಮಾನ ಬರುತ್ತದೆ. ಸರಿಯಾಗಿ ಅಪ್ಪನ ನಾಲ್ಕಕ್ಕೆ ನಿಲ್ಲಿಸಿದರೆ ಬೆರಳು ಮನೆಯವರ ಕಡೆಗೇ ತಿರುಗುತ್ತದೆ. ಆಮೇಲೆ ಅವರವರೇ ಒಬ್ಬರನ್ನೊಬ್ಬರು ಉಳಿಸಲು ಹೋಗಿ ಮುಳುಗುತ್ತಾರೆ, ಇವನು ಕರವಸ್ತ್ರ ಹಿಡಿದು ನೋಡುತ್ತಾನೆ. ಅಥವಾ ಅವನದೂ ಬರೀ ಕೈತಪ್ಪೇ ಇರಬಹುದು. ಆದರೆ ಕೈತಪ್ಪಿದವನು ಪಿಟ್ ಕಡೆ ತಲೆಯನ್ನೇ ಹಾಕಿಲ್ಲ ಅಂತ ಯಾಕೆ ಹೇಳುತ್ತಾನೆ?

ಗೋಡೆಯ ಆ ಕಡೆ ಎಂಜಿನ್ ಗುಡುಗಿತು. ಮೇಜಿನ ಮೇಲಿನ ಡ್ಯಾಂಪರ್ ಸಣ್ಣಗೆ ನಡುಗಿತು.

“ಅಣ್ಣನ್ನ ನಿಲ್ಸು!” ಪೇದೆಗೆ ಕೂಗುತ್ತ ಇನ್ಸ್‌ಪೆಕ್ಟರ್ ಹೊರಗೆ ಓಡಿದಳು.

ಪಿಟ್ಟಿನಲ್ಲಿ ಸ್ಟ್ಯಾಂಡು ಖಾಲಿ ಬಿದ್ದಿತ್ತು. ಬಾವುಟ ಹಿಡಿಯುವವನು ಗೋಡೆಗೆ ಒರಗಿ ನಿಂತಿದ್ದ.

“ಇದೀಗ ಹೋದ್ರು ಮೇಡಂ. ಮೊದಲ್ನೇ ಸುತ್ತು ಟೈರು ಬಿಸಿಯಾಗೋಕೆ, ನಿಧಾನ. ಎರಡನೇದು ಪೂರ್ತಿ ವೇಗ.”

“ನಾವು ಆ ಕಡೆ ಇದ್ದಾಗ ಗಾಡಿ ಹತ್ರ ಯಾರು ಬಂದಿದ್ರು? ಮಾಲೀಕರು ಬಂದಿದ್ರಾ?”

“ಇಲ್ಲ ಮೇಡಂ. ಅವರು ಗೋಪುರದಲ್ಲೇ ಇದಾರೆ.”

ಅವಳಿಗೆ ಅರ್ಧ ಉಸಿರು ಬಂತು.

“ಅಂದ್ರೆ ಯಾರೂ ಏನೂ ಮುಟ್ಟಿಲ್ಲ?”

“ಅಣ್ಣಾನೇ ಮುಟ್ಟಿದ್ದು. ಹೊರಡೋ ಮುಂಚೆ ಆ ಡ್ಯಾಂಪರ್ ತಿರುಪನ್ನ ಎಡಕ್ಕೆ ಪೂರ್ತಿ ಬಿಚ್ಚಿದ್ರು. ಆಮೇಲೆ ನಾಲ್ಕು ಎಣಿಸಿ ಬಿಟ್ರು. ಗಟ್ಟಿಯಾಗಿ, ನನಗೆ ಕೇಳೋ ಹಾಗೆ. ಮೇಡಂ ಕೇಳಿದ್ರೆ ನೀನೇ ಸಾಕ್ಷಿ, ಆ ದಿನಾನೂ ನನ್ನ ಕೈ ಹೀಗೇ ಎಣಿಸಿತ್ತು ಅಂತ ಹೇಳು ಅಂದ್ರು.” ಅವನು ಅವಳ ಮುಖ ನೋಡಿ ಗಾಬರಿಯಾದ. “ಯಾಕೆ ಮೇಡಂ? ಏನಾಯ್ತು?”

ಈಗ ತೋರಿಸಿದರೆ ಯಾರು ನಂಬುತ್ತಾರೆ ಅಂತ ಕೇಳಿದವಳು ಅವಳೇ. ಯಾರೂ ಅಲ್ಲಗಳೆಯಲಾಗದಂತೆ ತೋರಿಸಲು ಅವನು ಹೊರಟಿದ್ದ. ಅದೇ ದಿಬ್ಬದ ಮೇಲೆ, ತಮ್ಮನ ಹಾಗೇ ಬಿದ್ದರೆ ಕಡತ ತಾನಾಗಿ ಮುಚ್ಚುತ್ತದೆ, ಅಮ್ಮನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಇನ್ಸ್‌ಪೆಕ್ಟರಿಗೆ ತನ್ನ ಜಾಣತನದ ಮೇಲೆ ಹೇಸಿಗೆಯಾಯಿತು.

“ಕೆಂಪು ಬಾವುಟ ತೋರಿಸು!”

“ಗೋಪುರದವರು ಹೇಳದೆ ತೋರಿಸೋ ಹಾಗಿಲ್ಲ ಮೇಡಂ.”

ಅವನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು.

“ಗೋಪುರ, ಓಟ ನಿಲ್ಲಿಸಿ. ಈಗಲೇ ಕೆಂಪು ಬಾವುಟ.”

ಕರಕರ ಸದ್ದು. ಆಮೇಲೆ ಬಂದ ದನಿ ಮಂಡಳಿಯವರದಾಗಿರಲಿಲ್ಲ.

“ಯಾಕೆ ಮೇಡಂ ಅಷ್ಟು ಆತಂಕ?” ಮಾಲೀಕ ನಿಧಾನವಾಗಿ ಕೇಳಿದ. “ಇನ್ನೊಂದೇ ಸುತ್ತು. ಮುಗೀಲಿ ಬಿಡಿ.”

“ವಾಕಿಟಾಕಿ ಮಂಡಳಿಯವರ ಕೈಗೆ ಕೊಡಿ!”

ಉತ್ತರ ಬರಲಿಲ್ಲ. ಟ್ರ್ಯಾಕಿನ ಆ ತುದಿಯಲ್ಲಿ ಕೆಂಪು ಚುಕ್ಕೆಯೊಂದು ಮೊದಲ ಸುತ್ತಿನ ಕೊನೆಯ ತಿರುವಿಗೆ ಬಾಗುತ್ತಿತ್ತು. ತಿರುವು ಮುಗಿದರೆ ಪಿಟ್ಟಿನ ಮುಂದಿನ ನೇರ ದಾರಿ. ನೇರ ದಾರಿಯ ಕೊನೆಗೆ ದಿಬ್ಬ.

ಅವಳು ಬಾವುಟದವನ ಕೈಯಿಂದ ಕೆಂಪು ಬಟ್ಟೆ ಎಳೆದುಕೊಂಡು ತಡೆಗೋಡೆಯ ಕಡೆ ತಿರುಗಿದಳು. ಅಷ್ಟರಲ್ಲಿ ಪೇದೆಯ ಕೂಗು ಕೇಳಿತು.

“ಅಮ್ಮಾ! ಬೇಡಮ್ಮಾ, ಇಳೀಬೇಡಿ!”

ಬಾವುಟದವನ ಮಾತನ್ನೆಲ್ಲ ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲು ಗೋಡೆಯ ಈಚೆ ಬಿದ್ದಿತ್ತು. ಅವಳು ಗೋಡೆ ದಾಟಿ, ಡಾಂಬರಿನ ನಟ್ಟನಡುವೆ ಹೋಗಿ ನಿಂತು, ಗಂಟುಗಟ್ಟಿದ ಆ ಎರಡು ಕೈಗಳನ್ನು ತಲೆಯ ಮೇಲೆ ಎತ್ತಿದ್ದಳು.

ಗಾಡಿ ತಿರುವು ಮುಗಿಸಿ ನೇರ ದಾರಿಗೆ ಬಂತು. ಎಂಜಿನ್ನಿನ ದನಿ ಏರುತ್ತ ಹೋಯಿತು. ಅಣ್ಣ ಟ್ಯಾಂಕಿನ ಮೇಲೆ ಮಲಗಿದವನು ತಲೆ ಎತ್ತಿದ್ದು ಇನ್ಸ್‌ಪೆಕ್ಟರಿಗೆ ಕಂಡಿತು. ಅವನು ಅಮ್ಮನನ್ನು ನೋಡಿದ. ಎರಡೂ ಬ್ರೇಕು ಒಟ್ಟಿಗೆ ಬಿದ್ದವು, ಗಾಡಿಯ ಮೂಗು ನೆಲಕ್ಕೆ ಕುಸಿಯಿತು. ಅವನ ಕೈಯಲ್ಲಿದ್ದ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಒದರತೊಡಗಿತು, ಅಮ್ಮ ನಿಂತಲ್ಲಿಂದ ಒಂದು ಹೆಜ್ಜೆಯೂ ಸರಿಯಲಿಲ್ಲ.